ನೀರಿಗೂ ಪೀಕ್ ಬರುತ್ತದಾ? 397 ಮತ್ತು 700ರ ತಲೆನೋವು

ಹೊಸ ಕುವೆಟ್:
ಎಲ್ಲರಿಗೂ ನಮಸ್ಕಾರ. ಎರಡು ವಾರದಿಂದ ಒಂದೇ ಗ್ರಾಫ್ ನೋಡಿ ನೋಡಿ ತಲೆ ಕೆಟ್ಟಿದೆ. ಕೂಮರಿನ್ ಜಾತಿಯ ಒಂದು ಸಂಯುಕ್ತ ಮಾಡಿದ್ದೇನೆ, 7ನೇ ಜಾಗದಲ್ಲಿ ಹೈಡ್ರಾಕ್ಸಿ ಇದೆ. ಪಿಎಚ್ 9ರ ಬಫರ್‌ನಲ್ಲಿ (ಪಿಎಚ್ ಬದಲಾಗದ ಹಾಗೆ ಹಿಡಿದಿಡುವ ನೀರಿನ ದ್ರಾವಣ) ಕರಗಿಸಿ, 350 ನ್ಯಾನೋಮೀಟರ್ ಬೆಳಕು ಕೊಟ್ಟು, 360ರಿಂದ 750ರವರೆಗೆ ಎಮಿಷನ್ ಸ್ಪೆಕ್ಟ್ರಮ್, ಅಂದರೆ ಅಣು ಬೆಳಕು ಹೀರಿ ಮರಳಿ ಚೆಲ್ಲುವ ಬೆಳಕಿನ (ಫ್ಲೋರೆಸೆನ್ಸ್) ಗ್ರಾಫ್ ತೆಗೆದೆ. ಮೂರು ಪೀಕ್ ಬಂದಿವೆ. 397ರಲ್ಲಿ ಒಂದು ಚಿಕ್ಕದು. 455ರಲ್ಲಿ ಅಗಲವಾದ ದೊಡ್ಡ ಗುಡ್ಡ. ಆಮೇಲೆ 700ರಲ್ಲಿ ಮೊಳೆ ಹೊಡೆದ ಹಾಗೆ ಚೂಪಾದ ಒಂದು.

ನನ್ನ ಊಹೆ ಹೀಗಿದೆ. ಪ್ರೋಟಾನ್ ಬಿಡದೆ ಉಳಿದ ಅಣುಗಳಿಂದ 397, ಪ್ರೋಟಾನ್ ಬಿಟ್ಟ ಅಣುಗಳಿಂದ 455, ಎರಡು ಅಣು ಅಂಟಿಕೊಂಡು ಆಗುವ ಎಕ್ಸೈಮರ್‌ನಿಂದ 700. ಥೀಸಿಸ್‌ನಲ್ಲಿ ಇದರ ಮೇಲೆ ಎರಡು ಪ್ಯಾರಾ ಬರೆದೂ ಆಗಿದೆ. ಆದರೆ ಒಂದು ವಿಷಯ ಹೊಂದುತ್ತಿಲ್ಲ. ದ್ರಾವಣವನ್ನು ಹತ್ತು ಪಟ್ಟು ತೆಳು ಮಾಡಿದರೆ 455 ಇಳಿಯುತ್ತದೆ, 397 ಮಾತ್ರ ಇದ್ದಷ್ಟೇ ಇರುತ್ತದೆ. ಯಾಕೆ?

ಎರಡನೇ ಸಲ:
ಬರೀ ಬಫರ್ ಇಟ್ಟು ಸ್ಕ್ಯಾನ್ ಮಾಡಿದ್ದೀರಾ?

ಹೊಸ ಕುವೆಟ್:
ಇಲ್ಲ. ಬಫರ್ ಹೊಳೆಯುವುದಿಲ್ಲ ಅಲ್ವಾ? ಅದಕ್ಕೇ ಬೇಡ ಅಂದುಕೊಂಡೆ.

ಎರಡನೇ ಸಲ:
ಇಟ್ಟು ನೋಡಿ. ಆಮೇಲೆ ಮಾತಾಡೋಣ.

ಹಳೇ ಲ್ಯಾಂಪ್:
ಇವರು ಯಾವಾಗಲೂ ಹೀಗೇ, ಒಂದು ಸಾಲು ಬರೆದು ಎದ್ದು ಹೋಗುತ್ತಾರೆ. ನಾನು ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಮೊದಲು 700. ಅದು 350ರ ಸರಿಯಾಗಿ ಎರಡರಷ್ಟು ಅನ್ನುವುದನ್ನು ಗಮನಿಸಿದಿರಾ? ಯಂತ್ರದೊಳಗೆ ಬೆಳಕನ್ನು ಬಣ್ಣಬಣ್ಣವಾಗಿ ಬಿಡಿಸುವುದು ಗ್ರೇಟಿಂಗ್, ಅಂದರೆ ಒತ್ತೊತ್ತಾಗಿ ಗೀರಿದ ಕನ್ನಡಿ. ಪಕ್ಕಪಕ್ಕದ ಗೀರುಗಳಿಂದ ಬರುವ ಬೆಳಕಿನ ದಾರಿಗಳ ನಡುವೆ 700 ನ್ಯಾನೋಮೀಟರ್ ವ್ಯತ್ಯಾಸ ಇರುವ ಕೋನ ತೆಗೆದುಕೊಳ್ಳಿ. 700ರ ಬೆಳಕಿಗೆ ಅದು ಒಂದು ಅಲೆ. 350ರ ಬೆಳಕಿಗೆ ಸರಿಯಾಗಿ ಎರಡು ಅಲೆ. ಹಾಗಾಗಿ ಎರಡೂ ಅದೇ ಕಿಂಡಿಯಲ್ಲಿ ತೂರಿ ಬರುತ್ತವೆ. ಡಿಟೆಕ್ಟರ್‌ಗೆ ಬಣ್ಣ ಗೊತ್ತಾಗುವುದಿಲ್ಲ, ಬೆಳಕು ಬಿತ್ತು ಅನ್ನುವುದಷ್ಟೇ ಗೊತ್ತು. ನಿಮ್ಮ ದ್ರಾವಣದಲ್ಲಿ ಚದುರಿದ 350ರ ಬೆಳಕೇ 700 ಅನ್ನುವ ವೇಷ ಹಾಕಿಕೊಂಡು ಬಂದಿದೆ. ಇದನ್ನು ಎರಡನೇ ಆರ್ಡರ್ ಅನ್ನುತ್ತಾರೆ. ಎಕ್ಸೈಮರ್ ಆಗಿದ್ದರೆ ಅಗಲವಾದ ಗುಡ್ಡ ಬರಬೇಕಿತ್ತು, ಮೊಳೆ ಅಲ್ಲ.

ಇನ್ನು 397. ಇದಕ್ಕೆ ಸ್ವಲ್ಪ ಲೆಕ್ಕ ಬೇಕು. ನ್ಯಾನೋಮೀಟರ್ ಬಿಟ್ಟು, ಒಂದು ಸೆಂಟಿಮೀಟರಿನಲ್ಲಿ ಎಷ್ಟು ಅಲೆ ಹಿಡಿಸುತ್ತವೆ ಅಂತ ನೋಡಿ. ಒಂದು ಕೋಟಿಯನ್ನು 350ರಿಂದ ಭಾಗಿಸಿದರೆ 28,571. ನೀರಿನ ಅಣುವಿನಲ್ಲಿ ಆಕ್ಸಿಜನ್–ಹೈಡ್ರೋಜನ್ ಬಂಧ ಕಂಪಿಸಲು ಸುಮಾರು 3,400 ಬೇಕು. ಅಷ್ಟನ್ನು ನೀರು ಇಟ್ಟುಕೊಂಡರೆ ಉಳಿಯುವುದು 25,171. ಮತ್ತೆ ಒಂದು ಕೋಟಿಯನ್ನು ಅದರಿಂದ ಭಾಗಿಸಿ. 397 ಬರುತ್ತದೆ.

ಅಂದರೆ ಅದು ನಿಮ್ಮ ಸಂಯುಕ್ತ ಅಲ್ಲ, ನೀರಿನ ರಾಮನ್ ಪೀಕ್: ಅಣುವಿನ ಕಂಪನಕ್ಕೆ ಸ್ವಲ್ಪ ಶಕ್ತಿ ಬಿಟ್ಟುಕೊಟ್ಟು ಚದುರಿದ ಬೆಳಕು. ಸಂಯುಕ್ತವನ್ನು ಎಷ್ಟು ತೆಳು ಮಾಡಿದರೂ ನೀರು ಇದ್ದಷ್ಟೇ ಇರುತ್ತದಲ್ಲ, ಅದಕ್ಕೇ ಅದು ಅಲ್ಲಾಡಲಿಲ್ಲ.

ಪರೀಕ್ಷೆ ಸುಲಭ. 350 ಬದಲು 340 ಕೊಟ್ಟು ನೋಡಿ. ನನ್ನ ಲೆಕ್ಕ ಸರಿ ಇದ್ದರೆ ಚಿಕ್ಕ ಪೀಕ್ 384ಕ್ಕೆ, ಮೊಳೆ 680ಕ್ಕೆ ಓಡುತ್ತವೆ. 455 ಕೂತಲ್ಲೇ ಕೂತಿರುತ್ತದೆ.

ಕಕ್ಷಕ:
455 ಯಾಕೆ ಕೂತಲ್ಲೇ ಇರುತ್ತದೆ ಅನ್ನುವುದನ್ನೂ ಹೇಳಬೇಕು. ಇಲ್ಲದಿದ್ದರೆ ಅದು ಬರೀ ಬಾಯಿಪಾಠದ ನಿಯಮ ಆಗುತ್ತದೆ.

ಬೆಳಕು ಹೀರಿದ ಅಣು ಮೇಲಿನ ಯಾವ ಮೆಟ್ಟಿಲಿಗೆ ಬೇಕಾದರೂ ಹಾರಬಹುದು. 340 ಕೊಟ್ಟರೆ ಸ್ವಲ್ಪ ಎತ್ತರ, 360 ಕೊಟ್ಟರೆ ಸ್ವಲ್ಪ ತಗ್ಗು. ಆದರೆ ಅಲ್ಲಿ ನಿಲ್ಲುವುದಿಲ್ಲ. ಪಿಕೋಸೆಕೆಂಡುಗಳ ಲೆಕ್ಕದಲ್ಲಿ, ಸುತ್ತಲಿನ ದ್ರಾವಕಕ್ಕೆ ಡಿಕ್ಕಿ ಹೊಡೆದು, ಮೊದಲ ಉದ್ರಿಕ್ತ ಸ್ಥಿತಿಯ ತಳಕ್ಕೆ ಜಾರುತ್ತದೆ. ಬೆಳಕು ಚೆಲ್ಲುವುದಕ್ಕೆ ನ್ಯಾನೋಸೆಕೆಂಡುಗಳು ಬೇಕು, ಅಂದರೆ ಸಾವಿರ ಪಟ್ಟು ನಿಧಾನ. ಅಷ್ಟು ಹೊತ್ತಿಗೆ ಎಲ್ಲಿಂದ ಬಂದೆ ಅನ್ನುವುದನ್ನು ಅಣು ಮರೆತಿರುತ್ತದೆ. ಎಲ್ಲ ಅಣುಗಳೂ ಅದೇ ತಳದಿಂದ ಜಿಗಿಯುತ್ತವೆ, ಹಾಗಾಗಿ ಅದೇ ಸ್ಪೆಕ್ಟ್ರಮ್ ಬರುತ್ತದೆ. 1950ರಲ್ಲಿ ಮೈಕೇಲ್ ಕಾಶಾ ಹೇಳಿದ್ದು ಇದನ್ನೇ.

ರಾಮನ್ ಚದುರಿಕೆಯಲ್ಲಿ ಈ ಮರೆವು ಇಲ್ಲ. ಅಲ್ಲಿ ಅಣು ಬೆಳಕನ್ನು ಹೀರಿ ಕೂರುವುದೇ ಇಲ್ಲ. ಬಂದ ಬೆಳಕಿನಿಂದ 3,400 ಕಿತ್ತುಕೊಂಡು ಉಳಿದದ್ದನ್ನು ಆಗಲೇ ವಾಪಸ್ ಎಸೆಯುತ್ತದೆ. ಬಂದದ್ದು ಬದಲಾದರೆ ಹೋಗುವುದೂ ಬದಲಾಗಲೇಬೇಕು.

ಕಾಶಾ ನಿಯಮ ಮುರಿಯುವವರೂ ಇದ್ದಾರೆ. ಅಜುಲೀನ್ ಅಂತ ಒಂದು ನೀಲಿ ಹೈಡ್ರೋಕಾರ್ಬನ್ ಇದೆ. ಅದು ಎರಡನೇ ಮೆಟ್ಟಿಲಿನಿಂದಲೇ ಹೊಳೆಯುತ್ತದೆ. ಮೊದಲ ಮತ್ತು ಎರಡನೇ ಮೆಟ್ಟಿಲ ನಡುವೆ ಅಂತರ ಅಷ್ಟು ದೊಡ್ಡದು, ಬೇಗ ಜಾರಲು ಆಗುವುದಿಲ್ಲ. ಇದು ಸುಮ್ನೆ ಹೇಳಿದ್ದು, ನಿಮ್ಮ ಕೂಮರಿನ್‌ಗೆ ಈ ಚಿಂತೆ ಬೇಡ.

ಸುಮ್ನೆ ಓದುಗ:
ನಾನು ಕೆಮಿಸ್ಟ್ರಿಯವನಲ್ಲ, ಆದರೂ ಓದಿ ಮಜಾ ಬಂತು. ಒಂದು ಪೆದ್ದು ಪ್ರಶ್ನೆ. ಕತ್ತಲಲ್ಲಿ ಹಸಿರಾಗಿ ಮಿನುಗುವ ಸ್ಟಿಕ್ಕರ್‌ಗಳಿವೆಯಲ್ಲ, ಅವೂ ಇದೇನಾ? ಆ ಬೆಳಕಿಗೆ ಫಾಸ್ಫರೆಸೆನ್ಸ್ ಅನ್ನುತ್ತಾರೆ. ಅದರಲ್ಲಿ ರಂಜಕ ಇರುತ್ತದಾ?

ಕಕ್ಷಕ:
ಪೆದ್ದು ಪ್ರಶ್ನೆ ಏನಲ್ಲ. ಹೆಸರೇ ದಾರಿ ತಪ್ಪಿಸುತ್ತದೆ. 1669ರಲ್ಲಿ ಹೆನ್ನಿಗ್ ಬ್ರಾಂಡ್ ರಂಜಕವನ್ನು ಬೇರ್ಪಡಿಸಿದಾಗ ಅದು ಕತ್ತಲಲ್ಲಿ ಮಿನುಗಿತು. ಆದರೆ ಬಿಳಿ ರಂಜಕ ಮಿನುಗುವುದು ಗಾಳಿಯ ಆಕ್ಸಿಜನ್ ಜೊತೆ ಕೂಡಿ, ರಾಸಾಯನಿಕ ಕ್ರಿಯೆಯಿಂದ. ಅದು ಕೆಮಿಲುಮಿನೆಸೆನ್ಸ್. ಫಾಸ್ಫರಸ್‌ನಲ್ಲಿ ನಡೆಯುವುದು ಫಾಸ್ಫರೆಸೆನ್ಸ್ ಅಲ್ಲ!

ಈಗಿನ ಸ್ಟಿಕ್ಕರ್‌ಗಳಲ್ಲಿ ಸಾಮಾನ್ಯವಾಗಿ ಇರುವುದು ಯುರೋಪಿಯಮ್ ಮತ್ತು ಡಿಸ್ಪ್ರೋಸಿಯಮ್ ಬೆರೆಸಿದ ಸ್ಟ್ರಾನ್ಷಿಯಮ್ ಅಲ್ಯುಮಿನೇಟ್. ಹೊಳಪು ಸುಮಾರು 520ರಲ್ಲಿ. ಬೆಳಕಿನಿಂದ ಪಡೆದ ಶಕ್ತಿ ಹರಳಿನ ಗುಂಡಿಗಳಲ್ಲಿ ಸಿಕ್ಕಿಕೊಂಡು, ಕೋಣೆಯ ಬಿಸಿಗೆ ಸ್ವಲ್ಪ ಸ್ವಲ್ಪವಾಗಿ ಮೇಲೇಳುತ್ತದೆ. ಅದಕ್ಕೇ ಗಂಟೆಗಟ್ಟಲೆ ಮಿನುಗುವುದು.

ಸಾವಯವ ಅಣುಗಳ ಫಾಸ್ಫರೆಸೆನ್ಸ್ ಬೇರೆ. ಅಲ್ಲಿ ಎಲೆಕ್ಟ್ರಾನ್ ತನ್ನ ಸ್ಪಿನ್ ತಿರುಗಿಸಿಕೊಂಡು ಟ್ರಿಪ್ಲೆಟ್ ಸ್ಥಿತಿಗೆ ಹೋಗಿ ಸಿಕ್ಕಿಕೊಳ್ಳುತ್ತದೆ. ದ್ರಾವಣದಲ್ಲಿ ಕರಗಿದ ಆಕ್ಸಿಜನ್ ಅದನ್ನು ಸಲೀಸಾಗಿ ಆರಿಸುತ್ತದೆ. ಅದಕ್ಕೇ ಹಳಬರು ಮಾದರಿಯನ್ನು ದ್ರವ ಸಾರಜನಕದಲ್ಲಿ, 77 ಕೆಲ್ವಿನ್‌ನಲ್ಲಿ, ಗಾಜಿನ ಹಾಗೆ ಗಟ್ಟಿ ಮಾಡಿ ನೋಡುತ್ತಿದ್ದರು.

ಹೊಸ ಕುವೆಟ್:
ಬಫರ್ ಇಟ್ಟು ನೋಡಿದೆ. ಮುಖಕ್ಕೆ ಹೊಡೆದ ಹಾಗಾಯಿತು. ಏನೂ ಇಲ್ಲದ ಬಫರ್‌ನಲ್ಲಿ 397 ಇದೆ, 700ರ ಮೊಳೆಯೂ ಇದೆ, ಸ್ವಲ್ಪ ಚಿಕ್ಕದು. 455 ಮಾತ್ರ ಇಲ್ಲ.

340 ಕೊಟ್ಟೆ. ಒಂದು 384ಕ್ಕೆ ಹೋಯಿತು, ಇನ್ನೊಂದು 680ಕ್ಕೆ. ಎಕ್ಸೈಮರ್ ಪ್ಯಾರಾ ಅಳಿಸಿದೆ.

ಒಂದು ಅನುಮಾನ. ಗ್ರೇಟಿಂಗ್ ಮೋಸ ತಪ್ಪಿಸಲು ಫಿಲ್ಟರ್ ಹಾಕಬಹುದಾ?

ಹಳೇ ಲ್ಯಾಂಪ್:
ಹಾಕಬಹುದು, ಹಾಕಬೇಕು ಕೂಡ. ಮಾದರಿಯಿಂದ ಡಿಟೆಕ್ಟರ್ ಕಡೆಗೆ ಹೋಗುವ ದಾರಿಯಲ್ಲಿ, 370ಕ್ಕಿಂತ ಕೆಳಗಿನದನ್ನು ತಡೆಯುವ ಫಿಲ್ಟರ್ ಇಟ್ಟರೆ 700ರ ಮೊಳೆ ಮಾಯ. 397 ಹೋಗುವುದಿಲ್ಲ, ಯಾಕೆಂದರೆ ಅದು ನಿಜವಾಗಿಯೂ 397ರ ಬೆಳಕೇ. ಎರಡರ ವ್ಯತ್ಯಾಸ ಇಲ್ಲೇ ಗೊತ್ತಾಗುತ್ತದೆ. 700 ಯಂತ್ರದ ಸುಳ್ಳು. 397 ನೀರು ಹೇಳುವ ನಿಜ, ನೀವು ಕೇಳಿದ್ದಕ್ಕೆ ಉತ್ತರ ಅಲ್ಲ ಅಷ್ಟೇ.

ನೀವು ಪೆಚ್ಚಾಗುವುದು ಬೇಡ. ಇದೇ ಗೊಂದಲ ಸಿ.ವಿ. ರಾಮನ್ ಅವರ ಗುಂಪಿಗೂ ಆಗಿತ್ತು. 1923ರಲ್ಲಿ ಅವರ ಶಿಷ್ಯ ಕೆ.ಆರ್. ರಾಮನಾಥನ್ ನೀರಿನಲ್ಲಿ ಬೆಳಕು ಚದುರುವುದನ್ನು ನೋಡುವಾಗ, ಬಣ್ಣ ಬದಲಾದ ಒಂದು ಮಸುಕು ಬೆಳಕು ಕಂಡಿತು. ನೀರಿನಲ್ಲಿ ಏನೋ ಕಲ್ಮಶ ಇದೆ, ಅದರ ದುರ್ಬಲ ಫ್ಲೋರೆಸೆನ್ಸ್ ಇರಬೇಕು ಅಂದುಕೊಂಡರು. ನೀರನ್ನು ಮತ್ತೆ ಮತ್ತೆ ಶುದ್ಧ ಮಾಡಿದರು. ಬೆಳಕು ಹೋಗಲಿಲ್ಲ. ಆಮೇಲೆ ಬೇರೆ ದ್ರವಗಳಲ್ಲೂ ಅದು ಕಂಡಿತು. ಮೇಲಾಗಿ ಆ ಬೆಳಕು ಚೆನ್ನಾಗಿ ಧ್ರುವೀಕೃತವಾಗಿತ್ತು, ಮಾಮೂಲಿ ಫ್ಲೋರೆಸೆನ್ಸ್ ಹಾಗಿರುವುದಿಲ್ಲ. 1928ರ ಫೆಬ್ರವರಿ 28ರ ಹೊತ್ತಿಗೆ ಇದು ಬೇರೆಯೇ ಅನ್ನುವುದು ಖಚಿತವಾಯಿತು. ಅವರು ಫ್ಲೋರೆಸೆನ್ಸ್ ಅಂದುಕೊಂಡದ್ದರಲ್ಲಿ ರಾಮನ್ ಪರಿಣಾಮ ಸಿಕ್ಕಿತು. ನೀವೂ ರಾಮನ್ ಚದುರಿಕೆಯನ್ನು ಫ್ಲೋರೆಸೆನ್ಸ್ ಅಂದುಕೊಂಡಿರಿ. ಕಂಪನಿ ಒಳ್ಳೆಯದೇ ಇದೆ.

ಕೆಂಪು ಗೆರೆ:
ನಾನು ಯುರೋಪಿಯಮ್ ಕಾಂಪ್ಲೆಕ್ಸ್‌ಗಳ ಜೊತೆ ಇರುವವನು. ನಮ್ಮ ಕಡೆ ಈ ಪೀಡೆಯನ್ನು ಇನ್ನೊಂದು ರೀತಿಯಲ್ಲಿ ಕಳೆಯುತ್ತೇವೆ. ಕಾಯುತ್ತೇವೆ.

ಚದುರಿದ ಬೆಳಕು, ಅದು ರಾಮನ್ ಇರಲಿ ಎರಡನೇ ಆರ್ಡರ್ ಇರಲಿ, ದೀಪ ಆರಿದ ಕ್ಷಣ ಮುಗಿಯಿತು. ಮಾಮೂಲಿ ಸಾವಯವ ಅಣುಗಳ ಫ್ಲೋರೆಸೆನ್ಸ್ ಕೆಲವು ನ್ಯಾನೋಸೆಕೆಂಡು. ಯುರೋಪಿಯಮ್ ಮಾತ್ರ ಮಿಲಿಸೆಕೆಂಡುಗಳ ಲೆಕ್ಕದಲ್ಲಿ ಹೊಳೆಯುತ್ತಾ ಇರುತ್ತದೆ. ಹಾಗಾಗಿ ಮಿಂಚುದೀಪ ಒಮ್ಮೆ ಹೊಡೆದು, 0.05 ಮಿಲಿಸೆಕೆಂಡ್ ಸುಮ್ಮನಿದ್ದು, ಆಮೇಲೆ ಡಿಟೆಕ್ಟರ್ ತೆರೆಯುತ್ತೇವೆ. ಅಷ್ಟರಲ್ಲಿ ಗಲಾಟೆ ಮಾಡುವವರೆಲ್ಲ ಮನೆಗೆ ಹೋಗಿರುತ್ತಾರೆ. ಬೋಳು ಬಯಲಲ್ಲಿ ಕಂಬ ನೆಟ್ಟ ಹಾಗೆ 592 ಮತ್ತು 615ರ ಸುತ್ತ ಕೆಂಪು ಗೆರೆಗಳು ನಿಂತಿರುತ್ತವೆ.

ಸುಮ್ನೆ ಓದುಗ:
ಕೂಮರಿನ್‌ಗೆ ಗುಡ್ಡ, ನಿಮಗೆ ಕಂಬ. ಯಾಕೆ ಹೀಗೆ?

ಕೆಂಪು ಗೆರೆ:
ಕೂಮರಿನ್‌ನಲ್ಲಿ ಎಲೆಕ್ಟ್ರಾನ್ ಜಿಗಿದರೆ ಇಡೀ ಅಣುವಿನ ಬಂಧಗಳು ಅಲುಗುತ್ತವೆ, ಸುತ್ತಲಿನ ನೀರಿನ ಅಣುಗಳೂ ಜಾಗ ಬದಲಿಸುತ್ತವೆ. ಒಂದೊಂದು ಅಣುವಿನ ಪರಿಸ್ಥಿತಿ ಒಂದೊಂದು ಥರ. ಎಲ್ಲ ಸೇರಿ ಗುಡ್ಡ ಆಗುತ್ತದೆ. ಯುರೋಪಿಯಮ್‌ನಲ್ಲಿ ಜಿಗಿಯುವುದು 4ಎಫ್ ಎಲೆಕ್ಟ್ರಾನ್. ಅದು ಒಳಮನೆಯಲ್ಲಿ ಕೂತಿದೆ, ಹೊರಗೆ 5ಎಸ್, 5ಪಿ ಎಲೆಕ್ಟ್ರಾನ್‌ಗಳ ಗೋಡೆ. ಹೊರಗಡೆ ಏನಾದರೂ ಅದಕ್ಕೆ ಅಷ್ಟಾಗಿ ತಟ್ಟುವುದಿಲ್ಲ. ಅದಕ್ಕೇ ಗೆರೆ ಸಣ್ಣ, ಜಾಗವೂ ಹೆಚ್ಚುಕಮ್ಮಿ ಒಂದೇ.

ಅದೇ ಕಾರಣಕ್ಕೆ ಒಂದು ಕಷ್ಟವೂ ಇದೆ. ಆ ಜಿಗಿತಕ್ಕೆ ನಿಯಮದ ಪ್ರಕಾರ ಅನುಮತಿ ಇಲ್ಲ. ನಿಧಾನಕ್ಕೆ ಹೊಳೆಯುತ್ತದೆ ಸರಿ, ಬೆಳಕು ಹೀರುವುದೂ ತೀರಾ ಕಡಿಮೆ. ನೇರವಾಗಿ ಬೆಳಕು ಕೊಟ್ಟರೆ ಏನೂ ಸಿಗುವುದಿಲ್ಲ ಅನ್ನಬಹುದು. ಪಕ್ಕದಲ್ಲಿ ಚೆನ್ನಾಗಿ ಬೆಳಕು ಹೀರುವ ಸಾವಯವ ಲಿಗ್ಯಾಂಡ್ (ಲೋಹಕ್ಕೆ ಅಂಟುವ ಅಣು) ಕಟ್ಟಿದರೆ, ಅದು ಹೀರಿ ಯುರೋಪಿಯಮ್‌ಗೆ ದಾಟಿಸುತ್ತದೆ. 1942ರಲ್ಲಿ ವೈಸ್‌ಮನ್ ಇದನ್ನು ತೋರಿಸಿದರು. ನಾವು ಆಂಟೆನಾ ಅನ್ನುತ್ತೇವೆ.

ನೀರು ಇಲ್ಲೂ ತೊಂದರೆ ಕೊಡುತ್ತದೆ, ಬೇರೆ ಥರ. ಯುರೋಪಿಯಮ್‌ಗೆ ನೇರವಾಗಿ ನೀರು ಅಂಟಿಕೊಂಡರೆ ಅದೇ ಆಕ್ಸಿಜನ್–ಹೈಡ್ರೋಜನ್ ಕಂಪನ ಶಕ್ತಿಯನ್ನು ಹೀರಿಬಿಡುತ್ತದೆ. ಬರೀ ನೀರಿನಲ್ಲಿ ಯುರೋಪಿಯಮ್ ಅಯಾನಿನ ಆಯುಸ್ಸು ಸುಮಾರು 0.1 ಮಿಲಿಸೆಕೆಂಡ್. ಭಾರಜಲದಲ್ಲಿ ಅದು ಹಲವು ಮಿಲಿಸೆಕೆಂಡಿಗೆ ಏರುತ್ತದೆ. ಎರಡರಲ್ಲೂ ಅಳೆದು, ಲೋಹಕ್ಕೆ ಎಷ್ಟು ನೀರಿನ ಅಣು ಅಂಟಿವೆ ಅಂತ ಲೆಕ್ಕ ಹಾಕುವವರಿದ್ದಾರೆ. ಬೆಳಕು ಆರುವುದನ್ನು ನೋಡಿ ಅಣು ಎಣಿಸುವುದು! ನನಗೆ ಇವತ್ತಿಗೂ ಇದು ಖುಷಿ ಕೊಡುತ್ತದೆ.

ಎರಡನೇ ಸಲ:
ಹೊಸ ಕುವೆಟ್ ಅವರೇ, 455 ಅಲ್ಲಾಡಲಿಲ್ಲ ಅಂತ ಖುಷಿಪಡಬೇಡಿ. ಕಲ್ಮಶ ಹೊಳೆದರೂ ಅದು ಕೂತಲ್ಲೇ ಕೂರುತ್ತದೆ. ಸಾವಿರದಲ್ಲಿ ಒಂದು ಪಾಲು ಕಲ್ಮಶ, ಅದು ಜೋರಾಗಿ ಹೊಳೆಯುವಂಥದ್ದಾದರೆ, ನಿಮ್ಮ ಸಂಯುಕ್ತದ ಹೆಸರಲ್ಲಿ ಮೆರೆಯುತ್ತದೆ. ಎಕ್ಸೈಟೇಷನ್ ಸ್ಪೆಕ್ಟ್ರಮ್ ತೆಗೆಯಿರಿ. ಡಿಟೆಕ್ಟರ್ 455ಕ್ಕೆ ನಿಲ್ಲಿಸಿ, ಕೊಡುವ ಬೆಳಕನ್ನು ಬದಲಿಸುತ್ತಾ ಹೋಗಿ. ಬರುವ ಆಕಾರ ನಿಮ್ಮ ಅಬ್ಸಾರ್ಬೆನ್ಸ್ ಗ್ರಾಫ್ (ಯಾವ ಬೆಳಕನ್ನು ಎಷ್ಟು ಹೀರುತ್ತದೆ ಅನ್ನುವುದು) ಮೇಲೆ ಕೂರಬೇಕು.

ಹೊಸ ಕುವೆಟ್:
ತೆಗೆದೆ. ಕೂರುತ್ತಿಲ್ಲ! ಅಬ್ಸಾರ್ಬೆನ್ಸ್‌ನಲ್ಲಿ 365ರ ಸುತ್ತ ಒಂದೇ ಗುಡ್ಡ. ಎಕ್ಸೈಟೇಷನ್‌ನಲ್ಲಿ ಅದೇ ಗುಡ್ಡದ ನೆತ್ತಿ ಚಪ್ಪಟೆಯಾಗಿ, ನಡುವೆ ತಗ್ಗು ಬಿದ್ದಿದೆ. ಕಲ್ಮಶ ಅಂತಲೇ ಅರ್ಥನಾ?

ಎರಡನೇ ಸಲ:
365ರಲ್ಲಿ ಅಬ್ಸಾರ್ಬೆನ್ಸ್ ಎಷ್ಟಿದೆ?

ಹೊಸ ಕುವೆಟ್:
2. ಸಿಗ್ನಲ್ ಜಾಸ್ತಿ ಬರಲಿ ಅಂತ ಗಟ್ಟಿ ದ್ರಾವಣ ಹಾಕಿದೆ.

ಹಳೇ ಲ್ಯಾಂಪ್:
ಹಾಗಾದರೆ ಕಲ್ಮಶದ ತಪ್ಪಲ್ಲ. ಯಂತ್ರ ನೋಡುವುದು ಕುವೆಟ್‌ನ, ಅಂದರೆ ದ್ರಾವಣ ತುಂಬುವ ಪುಟ್ಟ ಪಾತ್ರೆಯ, ನಡುಭಾಗವನ್ನು. ಅಬ್ಸಾರ್ಬೆನ್ಸ್ 2 ಇದ್ದರೆ, ಅರ್ಧ ಸೆಂಟಿಮೀಟರ್ ಒಳಗೆ ಹೋಗುವಷ್ಟರಲ್ಲಿ ನೂರರಲ್ಲಿ ಹತ್ತು ಪಾಲು ಬೆಳಕು ಮಾತ್ರ ಉಳಿದಿರುತ್ತದೆ. ಮುಂದಿನ ಸಾಲಿನ ಅಣುಗಳೇ ಎಲ್ಲವನ್ನೂ ಹೀರಿರುತ್ತವೆ. ಕತ್ತಲ ಕೋಣೆಯಲ್ಲಿ ಕುವೆಟ್‌ನ ಪಕ್ಕದಿಂದ ಬಗ್ಗಿ ನೋಡಿ. ಬೆಳಕು ಬೀಳುವ ಗೋಡೆಗೆ ಅಂಟಿಕೊಂಡು ನೀಲಿ ಪಟ್ಟಿ ಕಾಣುತ್ತದೆ, ಒಳಗೆ ಹೋದಂತೆ ಮಂಕು. ನೆತ್ತಿಯಲ್ಲಿ ಹೀರುವುದು ಜಾಸ್ತಿ, ಅದಕ್ಕೇ ಅಲ್ಲೇ ತಗ್ಗು ಬಿತ್ತು. ಇದು ಇನ್ನರ್ ಫಿಲ್ಟರ್ ಪರಿಣಾಮ.

0.1ಕ್ಕಿಂತ ಕೆಳಗೆ ಇಳಿಸಿ. ಆಗ ನಡುಭಾಗಕ್ಕೆ ನೂರರಲ್ಲಿ ಸುಮಾರು 89 ಪಾಲು ತಲುಪುತ್ತದೆ. ಸಿಗ್ನಲ್ ಕಡಿಮೆ ಆಗುತ್ತದೆ ಅಂತ ಹೆದರಬೇಡಿ. ಎಷ್ಟೋ ಸಲ ತೆಳು ಮಾಡಿದರೇ ಸಿಗ್ನಲ್ ಏರುತ್ತದೆ.

ಕಕ್ಷಕ:
ಮುಂದೆ ಕ್ವಾಂಟಮ್ ಯೀಲ್ಡ್ (ಹೀರಿದ ಫೋಟಾನ್‌ಗಳಲ್ಲಿ ಎಷ್ಟು ಪಾಲು ಬೆಳಕಾಗಿ ಹೊರಬರುತ್ತದೆ ಅನ್ನುವುದು) ಅಳೆಯುವ ಯೋಚನೆ ಇದ್ದರೆ ಈ 0.1ರ ಶಿಸ್ತು ಹೇಗೂ ಬೇಕು. ಹೋಲಿಕೆಗೆ ಕ್ವಿನೈನ್ ಸಲ್ಫೇಟ್ ಸಾಕು, ಗಂಧಕಾಮ್ಲದಲ್ಲಿ 0.54 ಅಂತ ಹಿಡಿಯುತ್ತಾರೆ.

ಹಳೇ ಲ್ಯಾಂಪ್:
ಕ್ವಿನೈನ್ ಅಂದ ತಕ್ಷಣ ನನ್ನ ಹಳೇ ಗಾಯ ನೆನಪಾಯಿತು. ಕಲಿಯುವ ಕಾಲದಲ್ಲಿ ನನ್ನ ಸಂಯುಕ್ತದ ಕ್ವಾಂಟಮ್ ಯೀಲ್ಡ್ 1.3 ಬಂತು. ನೂರು ಫೋಟಾನ್ ತಿಂದು ನೂರಮೂವತ್ತು ಉಗುಳಿದ ಹಾಗೆ. ಎರಡು ದಿನ ಲೆಕ್ಕ ತಿದ್ದಿದೆ, ದೀಪ ಬದಲಿಸಿದೆ, ಯಂತ್ರವನ್ನು ಬೈದೆ. ಮೂರನೇ ದಿನ ನೋಡಿದರೆ ಕ್ವಿನೈನ್ ದ್ರಾವಣವೇ ಮಂಕಾಗಿದೆ. ಆಮ್ಲ ಅಂದರೆ ಆಮ್ಲ, ಯಾವುದಾದರೇನು ಅಂತ ಶೆಲ್ಫ್‌ನಲ್ಲಿ ಕೈಗೆ ಸಿಕ್ಕ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಮಾಡಿಕೊಂಡಿದ್ದೆ.

ಕ್ಲೋರೈಡ್ ಅಯಾನು ಕ್ವಿನೈನ್‌ನ ಬೆಳಕನ್ನು ಆರಿಸುತ್ತದೆ. ಡಿಕ್ಕಿ ಹೊಡೆದು ಶಕ್ತಿ ಕಸಿದುಕೊಳ್ಳುತ್ತದೆ, ಬಣ್ಣ ಹಾಗೇ ಇರುತ್ತದೆ, ಹೊಳಪು ಮಾತ್ರ ಹೋಗುತ್ತದೆ. ನಂಬಿಕೆ ಇಲ್ಲದಿದ್ದರೆ ಗಂಧಕಾಮ್ಲದ ದ್ರಾವಣದ ಮೇಲೆ ಯುವಿ ಟಾರ್ಚ್ ಹಿಡಿದು ಒಂದು ಚಿಟಿಕೆ ಉಪ್ಪು ಉದುರಿಸಿ. ಹರಳು ಕರಗುತ್ತಾ ಕೆಳಗೆ ಇಳಿಯುವ ದಾರಿಯುದ್ದಕ್ಕೂ ನೀಲಿಯಲ್ಲಿ ಕಪ್ಪು ಎಳೆಗಳು ಮೂಡುತ್ತವೆ. ಅಲುಗಿಸಿದರೆ ಇಡೀ ದ್ರಾವಣ ಮಂಕು.

1845ರಲ್ಲಿ ಜಾನ್ ಹರ್ಷಲ್ ನೋಡಿದ್ದು ಇದೇ ಕ್ವಿನೈನ್‌ನ ನೀಲಿಯನ್ನು. 1852ರಲ್ಲಿ ಸ್ಟೋಕ್ಸ್, ಬರುವ ಬೆಳಕಿನ ಅಲೆ ಹೀರಿದ ಬೆಳಕಿನ ಅಲೆಗಿಂತ ಉದ್ದ ಅಂತ ತೋರಿಸಿದ್ದೂ ಇದರಲ್ಲೇ. ಚರ್ಚಿನ ಕಿಟಕಿಯ ನೀಲಿ ಗಾಜು ಒಂದು ಕಡೆ, ಹಳದಿ ವೈನ್ ತುಂಬಿದ ಲೋಟ ಇನ್ನೊಂದು ಕಡೆ, ಇವೇ ಅವರ ಫಿಲ್ಟರ್. ನನ್ನ ಹತ್ತಿರ ಎಲ್ಲ ಫಿಲ್ಟರ್ ಇತ್ತು, ಬಾಟಲಿ ಮೇಲಿನ ಚೀಟಿ ಓದುವ ಬುದ್ಧಿ ಇರಲಿಲ್ಲ.

ಹೊಸ ಕುವೆಟ್:
0.08ಕ್ಕೆ ಇಳಿಸಿದೆ. ಎಕ್ಸೈಟೇಷನ್ ಮತ್ತು ಅಬ್ಸಾರ್ಬೆನ್ಸ್ ಈಗ ಒಂದರ ಮೇಲೊಂದು ಕೂತಿವೆ.

ಆದರೆ ಹೊಸ ತಲೆನೋವು. ಪ್ರೋಟಾನ್ ಬಿಡದ ಅಣು 397ರಲ್ಲಿ ಇಲ್ಲದಿದ್ದರೆ ಎಲ್ಲಿದೆ ಅಂತ ಪಿಎಚ್ 5ರಲ್ಲಿ ನೋಡಿದೆ. ಹೀರುವುದು 325ಕ್ಕೆ ಸರಿಯಿತು. 325 ಕೊಟ್ಟು ಎಮಿಷನ್ ತೆಗೆದರೆ ಮತ್ತೆ ಅದೇ 455! ಜೊತೆಗೆ 365 ಮತ್ತು 650 ಬಂದವು. ಲೆಕ್ಕ ಹಾಕಿದೆ, ಒಂದು ನೀರು, ಇನ್ನೊಂದು ಗ್ರೇಟಿಂಗ್. ಅವಕ್ಕೆ ಈ ಸಲ ಹೆದರಲಿಲ್ಲ. 455 ಯಾಕೆ ಬಂತು?

ಕಕ್ಷಕ:
ಇದು ನಿಜವಾಗಿಯೂ ನಿಮ್ಮ ಅಣುವಿನದೇ ಕಥೆ, ಚೆನ್ನಾಗಿದೆ ಕೂಡ. 7-ಹೈಡ್ರಾಕ್ಸಿಕೂಮರಿನ್ ಕತ್ತಲಲ್ಲಿ ದುರ್ಬಲ ಆಮ್ಲ, ಅದರ ಪಿಕೆಎ (ಅರ್ಧ ಅಣುಗಳು ಪ್ರೋಟಾನ್ ಬಿಟ್ಟಿರುವ ಪಿಎಚ್) 8ರ ಹತ್ತಿರ. ಬೆಳಕು ಹೀರಿದ ಮರುಕ್ಷಣ ಅದು ಬಲವಾದ ಆಮ್ಲ ಆಗುತ್ತದೆ. ಎಲೆಕ್ಟ್ರಾನ್ ಹೈಡ್ರಾಕ್ಸಿ ಕಡೆಯಿಂದ ಕಾರ್ಬೊನಿಲ್ ಕಡೆಗೆ ಸರಿಯುತ್ತದೆ, ಪ್ರೋಟಾನಿನ ಹಿಡಿತ ಸಡಿಲವಾಗುತ್ತದೆ. ಹೊಳೆಯುವ ಮೊದಲೇ ಪ್ರೋಟಾನನ್ನು ಪಕ್ಕದ ನೀರಿಗೆ ಕೊಟ್ಟುಬಿಡುತ್ತದೆ. ಹೀರಿದ್ದು ಒಂದು ರೂಪ, ಹೊಳೆದದ್ದು ಇನ್ನೊಂದು. ಪ್ರೋಟಾನ್ ಇಸಿದುಕೊಳ್ಳಲು ನೀರು ಇಲ್ಲದ ದ್ರಾವಕದಲ್ಲಿ ಪ್ರಯತ್ನಿಸಿ, 455ಕ್ಕಿಂತ ನೇರಳೆ ಕಡೆಗೆ ಸರಿಯಬೇಕು. ಆಗ ದ್ರಾವಕ ಯಾವುದೋ ಅದರ ರಾಮನ್ ಲೆಕ್ಕ ಮತ್ತೆ ಹಾಕಿ. 3,400 ನೀರಿಗೆ ಮಾತ್ರ. ಕಾರ್ಬನ್–ಹೈಡ್ರೋಜನ್ ಬಂಧಗಳಿಗೆ 2,900ರ ಸುತ್ತ.

ಹೊಸ ಕುವೆಟ್:
ಹಾಗಾದರೆ ಎರಡನೇ ಪ್ಯಾರಾನೂ ಹೋಯಿತು. ಪರವಾಗಿಲ್ಲ, ಅದರ ಜಾಗಕ್ಕೆ ಇದೇ ಬರುತ್ತದೆ. ಗ್ರಾಫ್‌ನಿಂದ 397 ಕಳೆದು, 700ಕ್ಕೆ ಫಿಲ್ಟರ್ ಹಾಕಿ, ಹೊಸದಾಗಿ ತೆಗೆಯುತ್ತೇನೆ.

ಎರಡನೇ ಸಲ:
ಕಳೆಯಿರಿ, ಆದರೆ 397 ಅನ್ನು ಪೂರ್ತಿ ಎಸೆಯಬೇಡಿ. ಶುದ್ಧ ನೀರಿಗೆ 350 ಕೊಟ್ಟು 397 ನೋಡುವುದೇ ಈ ಯಂತ್ರಗಳ ಸೂಕ್ಷ್ಮತೆ ಅಳೆಯುವ ಮಾಮೂಲಿ ಪರೀಕ್ಷೆ. ನೀರು ಎಲ್ಲ ಲ್ಯಾಬ್‌ನಲ್ಲೂ ಒಂದೇ ಅಲ್ವಾ. ದಿನಾ ಬೆಳಿಗ್ಗೆ ಒಂದು ಸಲ ತೆಗೆದು ಎತ್ತರ ಬರೆದಿಡಿ. ಅದು ಇಳಿಯುತ್ತಾ ಬಂದರೆ ನಿಮ್ಮ ಸಂಯುಕ್ತ ಕೆಟ್ಟಿದೆ ಅಂದುಕೊಳ್ಳುವ ಮೊದಲು ದೀಪ ನೋಡಿ.

ಹೊಸ ಕುವೆಟ್:
ಇವತ್ತಿನ ಎತ್ತರ ಬರೆದೆ. ಎರಡು ವಾರದ ಹಳೇ ಗ್ರಾಫ್‌ನಲ್ಲಿ ಇದ್ದದ್ದಕ್ಕಿಂತ ಕಾಲು ಭಾಗ ಕಡಿಮೆ ಇದೆ. ದೀಪದ ಗಂಟೆ ಎಣಿಸುವ ಮೀಟರ್ ಎಲ್ಲಿರುತ್ತದೆ?